ಪುಟ್ಟ ನಾಯಿಯೊಂದಿಗೆ ದಿನವಿಡೀ ಚಾರಣ: ಎಲ್ಲಿ ನಡೆಸಬೇಕು, ಎಲ್ಲಿ ಹೊರಬೇಕು

ಐದಾರು ಕಿಲೊ ತೂಗುವ ನಾಯಿ ಸುಸ್ತಾಯಿತೆಂದು ಬಾಯಿಬಿಡುವುದಿಲ್ಲ. ನೀವು ನಡೆಯುವಷ್ಟು ಹೊತ್ತೂ ಹಿಂದೆಯೇ ಬರುತ್ತದೆ. ದಾರಿಯಲ್ಲಿ ಕೂತುಬಿಡುವ ಹೊತ್ತಿಗೆ ಅದರ ಶಕ್ತಿ ಪೂರ್ತಿ ಬರಿದಾಗಿರುತ್ತದೆ. ನಮ್ಮ ಒಂದು ಹೆಜ್ಜೆಗೆ ಅದು ಹಲವು ಹೆಜ್ಜೆ ಇಡಬೇಕು. ನಾವು ಗಮನಿಸದೆ ದಾಟುವ ಮರದ ಬೇರನ್ನು ಅದು ಹಾರಿಯೇ ದಾಟಬೇಕು. ಹಾಗಾಗಿ ನಾಯಿ ನಿಲ್ಲುವ ಮೊದಲೇ ಎತ್ತಿಕೊಳ್ಳುವುದನ್ನು ಕಲಿಯಬೇಕು.

ಹೊರಡುವ ವಾರಗಳ ಮುಂಚೆ

ವರ್ಷ ತುಂಬದ ಮರಿಯ ಎಲುಬು ಇನ್ನೂ ಬಲಿತಿರುವುದಿಲ್ಲ, ಅದನ್ನು ಬಿಟ್ಟು ಹೋಗಿ. ಪಗ್, ಶಿಹ್ ತ್ಸು ಥರದ ಮೊಂಡು ಮೂತಿಯವು ಎಷ್ಟು ಕುಣಿದರೂ ಇಡೀ ದಿನದ ನಡಿಗೆಗೆ ಆಗುವುದಿಲ್ಲ. ನಾಯಿ ಮೈ ತಂಪು ಮಾಡಿಕೊಳ್ಳುವುದು ಮುಖ್ಯವಾಗಿ ತೇಕುವುದರಿಂದ. ಇವುಗಳಿಗೆ ಉಸಿರಿನ ದಾರಿಯೇ ಇಕ್ಕಟ್ಟು. ಉಳಿದವುಗಳಿಗೆ ಮೂರು ನಾಲ್ಕು ಕಿಲೊಮೀಟರಿನಿಂದ ಶುರುಮಾಡಿ, ವಾರಕ್ಕೆ ಒಂದೊಂದೇ ಕಿಲೊಮೀಟರ್ ಏರಿಸುತ್ತ ಹೋಗಿ. ಅಂಗಾಲು ಗಟ್ಟಿಯಾಗುವುದಕ್ಕೂ ಅಷ್ಟು ಸಮಯ ಬೇಕು.

ರೇಬಿಸ್ ಮತ್ತು ಲೆಪ್ಟೊಸ್ಪೈರೋಸಿಸ್ (ಇಲಿಜ್ವರ) ಲಸಿಕೆ, ಉಣ್ಣಿ ತಡೆಯುವ ಔಷಧಿ ಮೊದಲೇ ಆಗಿರಲಿ. ದಾರಿಯ ನಿಯಮವನ್ನೂ ನೋಡಿಕೊಳ್ಳಿ. ಸುಮಾರು 3,500 ಕಿ.ಮೀ. ಉದ್ದದ, ಅಮೆರಿಕದ ಚಾರಣದ ಹಾದಿ ಅಪಲೇಚಿಯನ್ ಟ್ರೇಲ್‌ನ ಬಹುಭಾಗದಲ್ಲಿ ನಾಯಿಗೆ ಅವಕಾಶವಿದೆ, ಆದರೆ ಗ್ರೇಟ್ ಸ್ಮೋಕಿ ಮೌಂಟನ್ಸ್ ರಾಷ್ಟ್ರೀಯ ಉದ್ಯಾನದೊಳಗಿನ ಹಾದಿಯಲ್ಲಿ ಇಲ್ಲ. ಅರ್ಧ ದಾರಿಗೆ ಬಂದು ಫಲಕ ಓದಿ ವಾಪಸಾಗುವುದು ಯಾರಿಗೂ ಬೇಡ.

ಚೀಲದಲ್ಲಿ ಏನಿರಬೇಕು

ಕೊರಳಪಟ್ಟಿಗೆ ಹಗ್ಗ ಕಟ್ಟಬೇಡಿ; ಜಾರಿದಾಗ ಎಲ್ಲ ಭಾರ ಕುತ್ತಿಗೆಗೆ ಬೀಳುತ್ತದೆ. ಎದೆ, ಬೆನ್ನು ಸುತ್ತುವ ಪಟ್ಟಿ, ಅಂದರೆ ಹಾರ್ನೆಸ್, ಬೆನ್ನ ಮೇಲೆ ಹಿಡಿಕೆ ಇರುವಂಥದ್ದು ಒಳ್ಳೆಯದು. ಪಟ್ಟಿಯಡಿ ಎರಡು ಬೆರಳು ಸಲೀಸಾಗಿ ತೂರಬೇಕು. ಬಿಗಿಯಾದರೆ ಕಂಕುಳಲ್ಲಿ ಮೊದಲು ಕೂದಲು ಸವೆದು, ಆಮೇಲೆ ಚರ್ಮ ಸುಲಿಯುತ್ತದೆ. ಹಗ್ಗ ಎರಡು ಮೀಟರ್ ಸಾಕು. ಗುಂಡಿ ಒತ್ತಿದರೆ ಉದ್ದವಾಗುವಂಥದ್ದು ಪೊದೆಗೆ ಸಿಕ್ಕಿಕೊಳ್ಳುತ್ತದೆ.

ಸುಮ್ಮನಿದ್ದರೂ ನಾಯಿಗೆ ದಿನಕ್ಕೆ ಕಿಲೊ ತೂಕಕ್ಕೆ 50-60 ಮಿ.ಲೀ. ನೀರು ಬೇಕು. ನಡಿಗೆಯ ದಿನ ಅದರ ಎರಡು ಪಟ್ಟು, ಮೇಲೆ ಸ್ವಲ್ಪ ಉಳಿಕೆ: ಐದು ಕಿಲೊ ನಾಯಿಗೆ ಮುಕ್ಕಾಲು ಲೀಟರಿನಿಂದ ಒಂದು ಲೀಟರ್. ನಿಂತ ನೀರು, ಹಸಿರು ಪಾಚಿ ಕಟ್ಟಿದ ಕೆರೆಯ ನೀರು ಕುಡಿಸಬೇಡಿ. ಇದರ ಜೊತೆ ಎದೆಗೋ ಬೆನ್ನಿಗೋ ಹಾಕಿಕೊಳ್ಳುವ ನಾಯಿಚೀಲ, ಗಾಜ್ ಬಟ್ಟೆ, ತನಗೆ ತಾನೇ ಅಂಟಿಕೊಳ್ಳುವ ಬ್ಯಾಂಡೇಜು, ಚೂಪು ತುದಿಯ ಚಿಮಟ, ಒಂದು ಒಣ ಬಟ್ಟೆ ಇರಲಿ. ನಾಯಿಯ ಬೆನ್ನಿಗೆ ಮಾತ್ರ ಏನನ್ನೂ ಹೊರಿಸಬೇಡಿ.

ನಿಮ್ಮ ಜೇಬಿನ ತಿಂಡಿಯ ಮೇಲೂ ಕಣ್ಣಿರಲಿ. ಚಾರಣಿಗರು ಮುಕ್ಕುವ ಒಣಹಣ್ಣಿನ ಮಿಶ್ರಣದಲ್ಲಿ ಒಣದ್ರಾಕ್ಷಿ, ಚಾಕೊಲೇಟ್ ಇರುತ್ತವೆ. ಎರಡೂ ನಾಯಿಗೆ ವಿಷ. ನಮ್ಮ ಐಬುಪ್ರೊಫೆನ್, ಪ್ಯಾರಾಸಿಟಮಾಲ್ ಕೂಡ ಹಾಗೆಯೇ. ಕಾಲುನೋವೆಂದು ಅರ್ಧ ಮಾತ್ರೆ ಕೊಡುವ ಕರುಣೆ ಬೇಡ.

ದಾರಿಯಲ್ಲಿ

ಬಿಸಿಲೇರುವ ಮೊದಲೇ ಹೊರಡಿ. ಹೊರಡುವ ಎರಡು ಗಂಟೆ ಮುಂಚೆ ಅರ್ಧ ಊಟ ಸಾಕು, ಉಳಿದದ್ದನ್ನು ದಾರಿಯಲ್ಲಿ ತುತ್ತು ತುತ್ತಾಗಿ ಕೊಡಿ. ಮುಂಜಾವಿನ ಇಬ್ಬನಿಯಲ್ಲಿ ನಮ್ಮ ಪಾದ ನೆನೆದರೆ, ಅದರ ಹೊಟ್ಟೆಯೇ ನೆನೆಯುತ್ತದೆ. ಸಣ್ಣ ಮೈ ಶಾಖವನ್ನು ಬೇಗ ಕಳೆದುಕೊಳ್ಳುವುದರಿಂದ ನಿಂತ ತಕ್ಷಣ ನಡುಗತೊಡಗುತ್ತದೆ. ನಿಂತಾಗೆಲ್ಲ ಮೊದಲು ಹೊಟ್ಟೆ ಒರೆಸಿ.

ಐವತ್ತು ನಿಮಿಷ ನಡೆಸಿ, ಹದಿನೈದಿಪ್ಪತ್ತು ನಿಮಿಷ ಹೊರುವುದು ಒಳ್ಳೆಯ ಲಯ. ಕಡಿದಾದ ಇಳಿಜಾರು, ಕಲ್ಲಿನ ಮೆಟ್ಟಿಲು, ಕಾದ ಬಂಡೆ ಬಂದರೆ ಗಡಿಯಾರ ನೋಡದೆ ಎತ್ತಿಕೊಳ್ಳಿ. ಇಳಿಯುವಾಗ ಮೈಭಾರವೆಲ್ಲ ಮುಂಗಾಲಿಗೆ ಬೀಳುತ್ತದೆ, ಡ್ಯಾಷ್‌ಹಂಡ್‌ನಂಥ ಉದ್ದ ಬೆನ್ನಿನವಕ್ಕೆ ಬೆನ್ನುಮೂಳೆಗೂ ಪೆಟ್ಟು. ಬಂಡೆ ಕಾದಿದೆಯೇ ತಿಳಿಯಲು ಮುಂಗೈಯ ಹಿಂಬದಿಯನ್ನು ಅದರ ಮೇಲಿಡಿ. ಏಳು ಸೆಕೆಂಡು ತಡೆಯಲಾಗದಿದ್ದರೆ ನಾಯಿಯ ಕಾಲಿಗೂ ಅದು ಸಲ್ಲದು. ಎತ್ತುವಾಗ ಒಂದು ಕೈ ಎದೆಯಡಿ, ಇನ್ನೊಂದು ಹಿಂಗಾಲುಗಳಡಿ. ಹಾರ್ನೆಸ್ ಹಿಡಿಕೆ ಬೇರು ದಾಟಿಸುವುದಕ್ಕೆ ಮಾತ್ರ.

ದಣಿವು ಮೊದಲು ಕಾಣುವುದು ಬಾಲದಲ್ಲಿ, ನಾಲಿಗೆಯಲ್ಲಿ. ಎತ್ತಿದ್ದ ಬಾಲ ಇಳಿಯುತ್ತದೆ, ಮೂಸುವುದು ನಿಲ್ಲುತ್ತದೆ. ಮುಂದೆ ಓಡುತ್ತಿದ್ದದ್ದು ನಿಮ್ಮ ಹಿಮ್ಮಡಿಯ ನೆರಳಿಗೆ ಬಂದು ಸೇರುತ್ತದೆ. ನಾಲಿಗೆ ಉದ್ದವಾಗಿ, ತುದಿ ಸೌಟಿನಂತೆ ಅಗಲವಾದರೆ ಮೈ ಕಾಯುತ್ತಿದೆ ಎಂದರ್ಥ. ಆಗ ತುಟಿ ಎತ್ತಿ ಒಸಡು ಮುಟ್ಟಿ ನೋಡಿ. ಆರೋಗ್ಯದ ಒಸಡು ಜಾರುವಷ್ಟು ಒದ್ದೆಯಾಗಿರುತ್ತದೆ. ಬೆರಳಿಗೆ ಅಂಟಿದರೆ ನೀರು ಸಾಲದು. ಒತ್ತಿ ಬಿಟ್ಟ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗಬೇಕು.

ನಾಯಿಯ ಸಹಜ ಉಷ್ಣತೆ 38ರಿಂದ 39.2 ಡಿಗ್ರಿ ಸೆಲ್ಸಿಯಸ್. 40 ದಾಟಿತೆಂದರೆ ಅಪಾಯ. ತೂರಾಡತೊಡಗಿದರೆ, ವಾಂತಿ ಮಾಡಿದರೆ ಕೂಡಲೇ ನೆರಳಿಗೆ ಒಯ್ದು, ಮೈಮೇಲೆ ತಣ್ಣೀರು ಸುರಿದು ಗಾಳಿ ಹಾಕಿ, ಪಶುವೈದ್ಯರ ಬಳಿಗೆ ಹೊರಡಿ. ಒದ್ದೆ ಬಟ್ಟೆ ಹೊದಿಸಿಡುವ ತಪ್ಪನ್ನು ಬಹಳ ಜನ ಮಾಡುತ್ತಾರೆ. ಸ್ವಲ್ಪ ಹೊತ್ತಿಗೆ ಅದೇ ಕಂಬಳಿಯಾಗಿ ಶಾಖವನ್ನು ಒಳಗೇ ಹಿಡಿದಿಡುತ್ತದೆ.

ಮಲವನ್ನು ನೀರಿನಿಂದ 60 ಮೀಟರ್ ಆಚೆ, ಗೇಣುದ್ದ ಆಳದಲ್ಲಿ ಹೂಳಿ. ಹೂಳಬಾರದ ಕಡೆ ಚೀಲಕ್ಕೆ ಹಾಕಿ ಹೊತ್ತು ತನ್ನಿ.

ಸಂಜೆಯ ತಪಾಸಣೆ

ಹಾರ್ನೆಸ್ ಬಿಚ್ಚಿ ಒಣಗಲು ಹಾಕಿ. ನಾಲ್ಕೂ ಪಾದಗಳ ಬೆರಳ ಸಂದುಗಳನ್ನು ಬಿಡಿಸಿ ನೋಡಿ. ಹುಲ್ಲಿನ ಮುಳ್ಳುಬೀಜ ಅಲ್ಲಿ ಹೊಕ್ಕರೆ ಮುಂದಕ್ಕೇ ಸಾಗುತ್ತದೆ, ಹಿಂದಕ್ಕೆ ಬರುವುದಿಲ್ಲ. ಇದ್ದಕ್ಕಿದ್ದಂತೆ ಸೀನುತ್ತಿದ್ದರೆ ಮೂಗಿಗೆ, ತಲೆ ಕೊಡವುತ್ತಿದ್ದರೆ ಕಿವಿಗೆ ಹೋಗಿರಬಹುದು. ಅದು ವೈದ್ಯರ ಕೆಲಸ.

ಉಣ್ಣಿ ಹುಡುಕಲು ಕಿವಿಯೊಳಗೆ, ಕಂಕುಳಲ್ಲಿ, ತೊಡೆಸಂದಿಯಲ್ಲಿ, ಬಾಲದಡಿ ಬೆರಳಾಡಿಸಿ. ಸಿಕ್ಕರೆ ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರವಾಗಿ, ನಿಧಾನಕ್ಕೆ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿಯ ಉಪಾಯ ಬೇಡ. ಕೆರಳಿದ ಉಣ್ಣಿ ಹೊಟ್ಟೆಯಲ್ಲಿರುವುದನ್ನು ಗಾಯದೊಳಕ್ಕೇ ಕಾರಬಹುದು.

ಮರುದಿನ ಬೆಳಿಗ್ಗೆ ಚೀಲ ಕಟ್ಟುವ ಮುಂಚೆ ನಾಯಿಯನ್ನು ಹತ್ತು ಹೆಜ್ಜೆ ನಡೆಸಿ ನೋಡಿ. ಎದ್ದೊಡನೆ ಕಾಲು ಬಿಗಿಯಾಗಿದ್ದು ಆಮೇಲೆ ಸಡಿಲಾದರೆ ನಿನ್ನೆಯದರ ಅರ್ಧ ದೂರ ಹೋಗಬಹುದು. ಹತ್ತನೇ ಹೆಜ್ಜೆಯಲ್ಲೂ ಕುಂಟುತ್ತಿದ್ದರೆ ಅಂದು ಚಾರಣವಿಲ್ಲ.