ಕಿತ್ತಳೆ ಸ್ಕ್ವಾಷ್‌ಗೆ ಬೂಷ್ಟು ಹಿಡಿಯದ ಹಾಗೆ

ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ಕಿತ್ತಳೆ ಬಂದರೆ ಒಂದೇ ಸಲ ರಾಶಿ. ತಿಂದು, ನೆಂಟರಿಗೆ ಹಂಚಿ ಮಿಕ್ಕಿದ್ದಕ್ಕೆ ಸ್ಕ್ವಾಷ್ ಮಾಡಿಡಬಹುದು. ಆದರೆ ಮಳೆ ಹಿಡಿಯುವಷ್ಟರಲ್ಲಿ ಬಾಟಲಿಯ ಕತ್ತಿಗೆ ಬೂಷ್ಟು ಬಂದಿರುತ್ತದೆ. ಇಲ್ಲವೇ ಮುಚ್ಚಳ ತೆಗೆದ ಕೂಡಲೇ ಬುಸ್ಸೆಂದು ನೊರೆ, ಹೆಂಡದ ವಾಸನೆ. ಅದು ಯೀಸ್ಟಿನ ಕೆಲಸ. ಎರಡನ್ನೂ ತಡೆಯುವುದು ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಪುಡಿ, ಅಂದರೆ ಕೆ.ಎಂ.ಎಸ್.

ಮೊದಲು 1 ಲೀಟರ್ ನೀರಿಗೆ ಒಂದೂಮುಕ್ಕಾಲು ಕಿಲೋ ಸಕ್ಕರೆ, 25 ಗ್ರಾಂ ಸಿಟ್ರಿಕ್ ಆಮ್ಲ ಹಾಕಿ ಕುದಿಸಿ, ಸೋಸಿ, ಪೂರ್ತಿ ಆರಿಸಿ. ಆಮೇಲೆ 1 ಲೀಟರ್ ಕಿತ್ತಳೆ ರಸ ಬೆರೆಸಿ. ರಸ ಹಿಂಡುವಾಗ ಬೀಜ ಜಜ್ಜಬೇಡಿ, ಕಹಿಯಾಗುತ್ತದೆ. ರಸವನ್ನು ಕುದಿಸಲೂ ಬೇಡಿ.

ಈಗ ಕೆ.ಎಂ.ಎಸ್. ಇಲ್ಲಿ ಕೈಯಂದಾಜು ನಡೆಯುವುದಿಲ್ಲ. ಸ್ಕ್ವಾಷ್ ಲೀಟರಿಗೆ 0.6 ಗ್ರಾಂ ಮಾತ್ರ. ಅಡುಗೆಮನೆ ತಕ್ಕಡಿ ಇಷ್ಟು ಸಣ್ಣ ತೂಕ ಹಿಡಿಯುವುದಿಲ್ಲ, ಅಲ್ವಾ? ಅದಕ್ಕೇ 10 ಗ್ರಾಂ ಪುಡಿಯನ್ನು ನೀರಿನಲ್ಲಿ ಕರಗಿಸಿ, ಒಟ್ಟು 100 ಮಿಲಿ ಆಗುವಷ್ಟು ನೀರು ಸೇರಿಸಿ. ಹೊಸ ಸಿರಿಂಜಿನಲ್ಲಿ ಲೀಟರಿಗೆ 6 ಮಿಲಿ ಎಳೆದು ಹಾಕಿ, ಚೆನ್ನಾಗಿ ಕಲಕಿ. ಉಳಿದ ನೀರು ಚೆಲ್ಲಿಬಿಡಿ, ಇಟ್ಟರೆ ಶಕ್ತಿ ಹೋಗುತ್ತದೆ. ಪುಡಿ ಫುಡ್ ಗ್ರೇಡ್ ಆಗಿರಲಿ. ಮೂಗಿನ ಹತ್ತಿರ ತರಬೇಡಿ, ಗಂಧಕದ ಘಾಟು ಜೋರು. ಪಾನಕ ಬಿಸಿಯಿದ್ದಾಗ ಹಾಕಿದರೆ ಕೆಲಸ ಮಾಡಬೇಕಾದ ಆ ಅನಿಲವೇ ಹಾರಿಹೋಗುತ್ತದೆ.

ಕುದಿಸಿ ಒಣಗಿಸಿದ ಗಾಜಿನ ಬಾಟಲಿಗೆ, ಮೇಲೆ ಒಂದಿಂಚು ಬಿಟ್ಟು ತುಂಬಿ.

ನೇರಳೆ, ಪುನರ್ಪುಳಿಗೆ ಮಾತ್ರ ಕೆ.ಎಂ.ಎಸ್. ಬೇಡ. ಅದು ಕೆಂಪು, ನೇರಳೆ ಬಣ್ಣವನ್ನು ಪೇಲವ ಮಾಡುತ್ತದೆ. ಅವಕ್ಕೆ ಸೋಡಿಯಂ ಬೆಂಜೋಯೇಟ್ ಸರಿ, ಲೀಟರಿಗೆ 0.7 ಗ್ರಾಂ. ಕೆ.ಎಂ.ಎಸ್., ಬೆಂಜೋಯೇಟ್ ಎರಡೂ ಕೆಲಸ ಮಾಡಲು ಹುಳಿ ಬೇಕೇ ಬೇಕು. ಹುಳಿಯಲ್ಲಿ ಬೆಂಜೋಯೇಟ್ ಬೆಂಜೋಯಿಕ್ ಆಮ್ಲವಾಗುತ್ತದೆ. ಆಗಲೇ ಅದು ಯೀಸ್ಟಿನ ಜೀವಕೋಶದೊಳಗೆ ನುಗ್ಗುವುದು. ಕಾಯಿ ಚಟ್ನಿಗೋ ಪಲ್ಯಕ್ಕೋ ಹಾಕಿದರೆ ಸುಮ್ನೆ ದಂಡ. ಆಗಲೇ ಬೂಷ್ಟು ಬಂದ ಬಾಟಲಿಗೆ ಹಾಕಿ ಉಳಿಸಿಕೊಳ್ಳುವ ಜಾಣತನವೂ ಬೇಡ, ಚೆಲ್ಲಿ.

ಅಸ್ತಮಾ ಇರುವ ಕೆಲವರಿಗೆ ಕೆ.ಎಂ.ಎಸ್. ಇದ್ದ ಪಾನೀಯ ಕುಡಿದರೆ ಉಬ್ಬಸ ಜಾಸ್ತಿಯಾಗುತ್ತದೆ. ಬಾಟಲಿ ಮೇಲೆ ತಾರೀಖಿನ ಜೊತೆ ಅದರ ಹೆಸರನ್ನೂ ಬರೆದು ಅಂಟಿಸಿ.