ಬೋರ್ಡಿನ ಲೀಟರ್ ಬೇರೆ, ಅದು ಹೊರುವ ಭಾರ ಬೇರೆ

ಹೋದ ಡಿಸೆಂಬರಿನಲ್ಲಿ ಒಂದು ಹಳೆ ವಿಂಡ್‌ಸರ್ಫಿಂಗ್ ಬೋರ್ಡ್ ಕೊಂಡೆ, ಹಾಯಿ ಕಟ್ಟಿ ಗಾಳಿಯ ಬಲದಿಂದ ನೀರಿನ ಮೇಲೆ ನಿಂತು ಓಡಿಸುವಂಥದ್ದು. ಮೇಲೆ 95 ಲೀಟರ್ ಅಂತ ಇತ್ತು. ಮಲ್ಪೆ ಪಕ್ಕದ ಪಡುಕೆರೆಯ ಕಡಲಲ್ಲಿ ನೀರಿಗಿಳಿಸಿ ಹತ್ತಿ ನಿಂತರೆ ಬೋರ್ಡೇ ಕಾಣಿಸಲಿಲ್ಲ. ಪಾದ ಮುಳುಗಿ ಕಣಕಾಲಿನ ತನಕ ನೀರು. "ಮಾಮ, ಅದರಲ್ಲಿ ಬರೆದದ್ದು ಸುಳ್ಳಾ?" ಅಂತ ದಡದಿಂದ ತಂಗಿಯ ಮಗ ಕೇಳಿದ. ಸುಳ್ಳಲ್ಲ. ಆದರೆ ಆ ಲೀಟರ್ ಹೇಳುವುದು ಬೋರ್ಡಿನ ಗಾತ್ರ ಮಾತ್ರ.

ಅವನಿಗೆ ಅಂಗಳದ ಬಕೆಟ್‌ನಲ್ಲೇ ತೋರಿಸಿದೆ. ನೀವೂ ಮಾಡಿ ನೋಡಿ. ಒಂದು ಲೀಟರಿನ ಖಾಲಿ ಬಾಟ್ಲಿಗೆ ಮುಚ್ಚಳ ಬಿಗಿ ಮಾಡಿ ನೀರಿಗೆ ಬಿಡಿ. ಸುಮ್ನೆ ಮೇಲೆ ಮಲಗಿರುತ್ತದೆ. ಅಂಗೈಯಿಂದ ಒತ್ತಿ. ಒತ್ತಿದಷ್ಟೂ ಕೈಯನ್ನು ಮೇಲಕ್ಕೆ ನೂಕುತ್ತದೆ. ಪೂರ್ತಿ ಮುಳುಗಿದಾಗ ಹೆಚ್ಚುಕಡಿಮೆ ಒಂದು ಕೆ.ಜಿ.ಯಷ್ಟು ಬಲ. ಇನ್ನೂ ಆಳಕ್ಕೆ ಒತ್ತಿದರೂ ಅದು ಹೆಚ್ಚುವುದಿಲ್ಲ. ಈಗ ಅದೇ ಬಾಟ್ಲಿಗೆ ಮರಳು ತುಂಬಿ. ಸೀದಾ ತಳಕ್ಕೆ! ಬಾಟ್ಲಿ ಅಷ್ಟೇ ದೊಡ್ಡದಿದೆ, ಅಲ್ವಾ?

ಬೋರ್ಡಿಗೂ ಇದೇ ಲೆಕ್ಕ. ಮುಳುಗಿದ ಒಂದೊಂದು ಲೀಟರಿಗೆ ಸಿಹಿನೀರು 1 ಕೆ.ಜಿ. ಹೊರುತ್ತದೆ, ಸಮುದ್ರದ ನೀರು ಸುಮಾರು 1.025 ಕೆ.ಜಿ. ಹಾಗಾಗಿ ಮೊದಲು ಎಲ್ಲವನ್ನೂ ತೂಗಿ. ನಾನು 72 ಕೆ.ಜಿ. ಒದ್ದೆ ಬಟ್ಟೆ, ಲೈಫ್ ಜಾಕೆಟ್ 3. ಹಾಯಿ, ಮಾಸ್ಟ್ (ಹಾಯಿಯ ಕಂಬ), ಬೂಮ್ (ಕೈಯಲ್ಲಿ ಹಿಡಿಯುವ ಅಡ್ಡಕೋಲು) ಸೇರಿ 10. ಬೋರ್ಡ್ 9 ಅಂದುಕೊಂಡಿದ್ದೆ. ಒಟ್ಟು 94. ಸಮುದ್ರದಲ್ಲಿ ಇದಕ್ಕೆ 92 ಲೀಟರ್ ಮುಳುಗಿದರೆ ಸಾಕು. 95ರಲ್ಲಿ ಮೂರು ಲೀಟರ್ ಉಳಿಯಬೇಕಿತ್ತು. ಮಳೆಗಾಲ ಮುಗಿದ ಹೊಸತರಲ್ಲಿ ಹೊಳೆ ನೀರು ಸಿಹಿ ಇರುವಾಗ ಉಳಿಯುವುದು ಒಂದೇ ಲೀಟರ್.

ಹಾಗಾದರೆ ಯಾಕೆ ಮುಳುಗಿತು? ಮಲ್ಪೆ ದಕ್ಕೆಯಲ್ಲಿ ಮೀನು ತೂಗುವ ಪರಿಚಯದವರೊಬ್ಬರ ತಕ್ಕಡಿಯಲ್ಲಿ ಬೋರ್ಡ್ ಇಟ್ಟೆವು. 13 ಕೆ.ಜಿ.! ಅಂದರೆ ಒಟ್ಟು 98, ಸಮುದ್ರದಲ್ಲೂ 95 ಲೀಟರ್ ಸಾಲದು. ಮಾಸ್ಟ್ ಕೂರಿಸುವ ಜಾಗದ ಹತ್ತಿರ ಕೂದಲೆಳೆಯಷ್ಟು ಬಿರುಕು. ಒಳಗಿನ ಫೋಮ್ ನೀರು ಕುಡಿದಿತ್ತು. ಬೆರಳಿಂದ ಬಡಿದರೆ ಬೇರೆ ಕಡೆ ಟಣ್ ಅನ್ನುತ್ತಿತ್ತು, ಅಲ್ಲಿ ಮಾತ್ರ ದಪ್ ಅಂತ ಸದ್ದು. ಹಳೆ ಬೋರ್ಡ್ ಕೊಳ್ಳುವಾಗ ತೂಗದೆ ದುಡ್ಡು ಕೊಡಬೇಡಿ.

ಗಾಳಿ ಜೋರಾಗಿದ್ದಾಗ ಚಿಕ್ಕ ಬೋರ್ಡೂ ನಮ್ಮನ್ನು ಹೊರುತ್ತದೆ. ವೇಗ ಹಿಡಿದ ಮೇಲೆ ನೀರೇ ಅಡಿಯಿಂದ ಎತ್ತಿ ಹಿಡಿಯುತ್ತದೆ, ಲೀಟರಿನ ಮಾತು ಹಿಂದಕ್ಕೆ ಹೋಗುತ್ತದೆ. ಆದರೆ ಸಂಜೆ ಕಡಲಗಾಳಿ ಬಿದ್ದುಹೋಯಿತು ಅನ್ನಿ, ಆಗ ಉಳಿದ ಲೀಟರೇ ದಡ ಸೇರಿಸಬೇಕು. ಅಲುಗಾಡುವ ಬೋರ್ಡಿನ ಮೇಲೆ ನಿಂತು, ನೀರಿನಲ್ಲಿ ಬಿದ್ದ ಹಾಯಿಯನ್ನು ಹಗ್ಗದಿಂದ ಎಳೆಯುವುದು ಕಲಿಯುವವರಿಗೆ ತುಂಬಾ ಕಷ್ಟ. ಅವರಿಗೆ ಅಗಲದ ಬೋರ್ಡ್ ಬೇಕು, ತಮ್ಮ ತೂಕಕ್ಕಿಂತ 80-100 ಲೀಟರ್ ಜಾಸ್ತಿಯೂ ಬೇಕು.

ತಂಗಿಯ ಮಗ 58 ಕೆ.ಜಿ. ಅವನಿಗೆ 160 ಲೀಟರಿನದ್ದು ತಂದಿದ್ದೇವೆ. ಅದನ್ನೂ ದಕ್ಕೆಯಲ್ಲಿ ತೂಗಿಯೇ ತಂದೆವು.