ದಸರಾ ಗೊಂಬೆಗಳ ಜೊತೆ ನನ್ನ ಬೆಲ್ 47

ನವರಾತ್ರಿಗೆ ನಮ್ಮ ಮನೆಯಲ್ಲಿ ಗೊಂಬೆ ಕೂರಿಸುತ್ತೇವೆ. ಪಟ್ಟದ ಗೊಂಬೆ, ಶೆಟ್ಟಿ–ಶೆಟ್ಟಮ್ಮ ಎಲ್ಲ ಜೋಡಿಸಿದ ಮೇಲೆ, ಕೆಳಗೆ ಮಣ್ಣು ಹರಡಿ ರಾಗಿ ಪೈರು ಬೆಳೆಸಿ ಒಂದು ಪಾರ್ಕು ಮಾಡುವುದು ಅಮ್ಮನ ಪದ್ಧತಿ. ಒಂದು ದಸರಾದಲ್ಲಿ ಲಲಿತ ಮಹಲ್ ಹೆಲಿಪ್ಯಾಡಿನಿಂದ ಎದ್ದ ಹೆಲಿಕಾಪ್ಟರ್ ನಮ್ಮ ತಾರಸಿ ಮೇಲೇ ಹಾದುಹೋಯಿತು. ಅಮ್ಮ ತಲೆಯೆತ್ತಿ ನೋಡಿ, "ಬರೋ ವರ್ಷ ಪಾರ್ಕಲ್ಲಿ ಇಂಥದ್ದೊಂದು ಇಡೋಣ ಕಣೋ. ಅಂಗಡೀದು ಬೇಡ, ನೀನೇ ಮಾಡು" ಅಂದರು.

ಯಾವ ಹೆಲಿಕಾಪ್ಟರ್ ಅಂತ ನಾನು ಜಾಸ್ತಿ ಯೋಚಿಸಲಿಲ್ಲ. ಬೆಲ್ 47. ಅಮೆರಿಕದಲ್ಲಿ 1946ರ ಮಾರ್ಚ್ 8ರಂದು ನಾಗರಿಕ ಬಳಕೆಗೆ ಪ್ರಮಾಣಪತ್ರ ಪಡೆದ ಮೊದಲ ಹೆಲಿಕಾಪ್ಟರ್ ಇದು. ಮುಂದೆ ಗಾಜಿನ ಬುಗ್ಗೆಯ ಹಾಗೆ ದುಂಡಗಿನ ಕೋಣೆ, ಹಿಂದೆ ಬರೀ ಕೊಳವೆಗಳ ಹಂದರದ ಬಾಲ, ನಡುವೆ ಮುಚ್ಚಳವೇ ಇಲ್ಲದ ಎಂಜಿನ್. ಒಳಗಿರಬೇಕಾದ್ದೆಲ್ಲ ಹೊರಗೇ ಕಾಣುತ್ತದೆ. ಇದನ್ನು ರೂಪಿಸಿದ ಆರ್ಥರ್ ಯಂಗ್ 1941ರಲ್ಲಿ ಬೆಲ್ ಕಂಪನಿ ಸೇರುವ ಮೊದಲು ಎಷ್ಟೋ ವರ್ಷ ಒಂದು ಹಳೆ ಕೊಟ್ಟಿಗೆಯಲ್ಲಿ ಚಿಕ್ಕ ಚಿಕ್ಕ ಮಾಡೆಲ್‌ಗಳನ್ನೇ ಹಾರಿಸಿ, ಮುರಿದು, ಮತ್ತೆ ಕಟ್ಟುತ್ತಿದ್ದರು. ಮಾಡೆಲ್ ಮಾಡುವವರಿಗೆ ಇದಕ್ಕಿಂತ ಹತ್ತಿರದ ಹೆಲಿಕಾಪ್ಟರ್ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ.

ಅಳತೆ 1:24 ಇಟ್ಟುಕೊಂಡೆ. ಅಸಲಿಯ ಒಂದು ಅಡಿಗೆ ಮಾಡೆಲ್‌ನಲ್ಲಿ ಅರ್ಧ ಇಂಚು, ಲೆಕ್ಕ ಬಾಯಲ್ಲೇ ಆಗುತ್ತದೆ. 47ಜಿ ಮಾದರಿಯ ರೋಟರ್, ಅಂದರೆ ಮೇಲೆ ತಿರುಗುವ ರೆಕ್ಕೆಗಳ ಜೋಡಿ, ಸುಮಾರು 35 ಅಡಿ ವ್ಯಾಸ. ನನಗೆ ಹದಿನೇಳೂವರೆ ಇಂಚು ಬಂತು.

ಮೊದಲು ಬಾಲ. ಮೂರು ಉದ್ದ ಕೊಳವೆ, ಅವುಗಳ ನಡುವೆ ಅಡ್ಡ, ಓರೆ ಕಡ್ಡಿಗಳು. ಸಂತೆಪೇಟೆಯಿಂದ 1 ಮಿ.ಮೀ. ಹಿತ್ತಾಳೆ ತಂತಿ ತಂದೆ. ಸುರುಳಿ ಬಿಚ್ಚಿದ ತಂತಿ ಎಷ್ಟು ತೀಡಿದರೂ ನೆಟ್ಟಗಾಗುವುದಿಲ್ಲ. ಒಂದು ತುದಿ ವೈಸ್‌ನಲ್ಲಿ ಕಚ್ಚಿಸಿ, ಇನ್ನೊಂದು ತುದಿ ಡ್ರಿಲ್ಲಿಗೆ ಸಿಕ್ಕಿಸಿ, ಬಿಗಿಯಾಗಿ ಎಳೆದು ಹಿಡಿದು ನಿಧಾನ ತಿರುಗಿಸಿದರೆ ಕ್ಷಣದಲ್ಲಿ ಬಾಣದ ಹಾಗಾಗುತ್ತದೆ. ಆಮೇಲೆ ಹಲಗೆ ಮೇಲೆ ನಕ್ಷೆ ಅಂಟಿಸಿ, ಮೊಳೆ ಹೊಡೆದು, ತಂತಿ ಕೂರಿಸಿ ಬೆಸುಗೆ ಹಾಕಿದೆ. ಒಂದು ಸಂದಿಗೆ ಕಾವು ಕೊಟ್ಟರೆ ಪಕ್ಕದ ಸಂದಿ ಕರಗಿ ಬಿಟ್ಟುಕೊಳ್ಳುತ್ತಿತ್ತು. ಒಂದಿಡೀ ಭಾನುವಾರ ಹೀಗೇ ಹೋಯಿತು. ಕೊನೆಗೆ, ಬೆಸೆದು ಮುಗಿಸಿದ ಸಂದಿಗಳಿಗೆ ಒದ್ದೆ ಹತ್ತಿ ಸುತ್ತಿದೆ. ಒಂದರ ಪಕ್ಕದ್ದನ್ನು ತಕ್ಷಣ ಮುಟ್ಟದೆ, ಈ ತುದಿಯಲ್ಲೊಂದು ಆ ತುದಿಯಲ್ಲೊಂದು ಹಾಕುತ್ತಾ ಹೋದೆ. ನಿಂತಿತು.

ಬುಗ್ಗೆಗೆ ಬಂಬೂ ಬಜಾರಿನಲ್ಲಿ ಒಬ್ಬ ಆಚಾರ್ರ ಹತ್ತಿರ ಹೋದೆ. ಹಾಲೆ ಮರದಲ್ಲಿ ಎರಡೂವರೆ ಇಂಚಿನ ಗುಂಡು ಬೇಕು ಅಂದೆ. "ಬುಗುರಿಗಾ ಸ್ವಾಮಿ?" ಅಂದರು. ವಿಷಯ ಹೇಳಿದ ಮೇಲೆ ಲೇತ್‌ನಲ್ಲಿ ಕಡೆದು, ಎಮರಿ ಪೇಪರ್ ಹಿಡಿದು, ಬೆಣ್ಣೆ ಹಾಗೆ ನುಣುಪು ಮಾಡಿಕೊಟ್ಟರು. ಸೋಡಾ ಬಾಟಲಿಯೊಳಗೆ ಗುಂಡು ತೂರಿಸಿ ಬಿಸಿ ಗಾಳಿ ಕೊಟ್ಟು ಕುಗ್ಗಿಸಲು ಎರಡು ಸಲ ನೋಡಿದೆ. ಪಕ್ಕಗಳು ಚೆನ್ನಾಗಿ ಬಂದವು, ಮೂತಿಯಲ್ಲಿ ಮಾತ್ರ ನೆರಿಗೆ. ಆಮೇಲೆ ಬೋರ್ಡ್ ಬರೆಯುವ ಅಂಗಡಿಯಿಂದ ತೆಳು ಅಕ್ರಿಲಿಕ್ ಹಾಳೆ ತಂದೆ. ಅಸಲಿಯ ಬುಗ್ಗೆಯೂ ಅಕ್ರಿಲಿಕ್ಕೇ. ನಡುವೆ ತೂತಿರುವ ಪ್ಲೈವುಡ್ ಚೌಕಟ್ಟಿಗೆ ಹಾಳೆ ಬಿಗಿದು, ಓವನ್‌ನಲ್ಲಿ 160 ಡಿಗ್ರಿಗೆ ಇಟ್ಟೆ. ಹಾಳೆ ಹಪ್ಪಳದ ಹಿಟ್ಟಿನ ಹಾಗೆ ಜೋತಾಗ ಹೊರತೆಗೆದು ಗುಂಡಿನ ಮೇಲೆ ಒಂದೇ ಸಮನೆ ಒತ್ತಿದೆ. ಮೊದಲನೆಯದರಲ್ಲಿ ಸಣ್ಣ ಗುಳ್ಳೆ ಎದ್ದವು, ಹಾಳೆ ತೇವ ಹೀರಿಕೊಂಡಿತ್ತು. ಮುಂದಿನ ಹಾಳೆಯನ್ನು ಮೊದಲು ಕಡಿಮೆ ಕಾವಿನಲ್ಲಿ ಒಣಗಿಸಿಕೊಂಡೆ, ನೀರಿನ ಹನಿಯ ಹಾಗೆ ಬಂತು. ಒಂದು ಮಾತು: ಇದನ್ನು ಸೂಪರ್ ಗ್ಲೂನಿಂದ ಅಂಟಿಸಬೇಡಿ. ಅದರ ಆವಿ ಕೂತು ಒಳಗೆಲ್ಲ ಬೆಳ್ಳಗೆ ಮಂಜು ಕಟ್ಟುತ್ತದೆ. ಮರಕ್ಕೆ ಹಾಕುವ ಬಿಳಿ ಗೋಂದು ಸಾಕು, ಒಣಗಿದರೆ ಕಾಣುವುದೇ ಇಲ್ಲ.

ಎಂಜಿನ್‌ಗೆ ಆರು ಸಿಲಿಂಡರ್. ಗಾಳಿಯಿಂದ ತಣಿಯುವ ಎಂಜಿನ್ ಆದ್ದರಿಂದ ಮೈತುಂಬ ಪಟ್ಟಿಗಳಿರುತ್ತವೆ. ಬಿದಿರು ಕಡ್ಡಿಗೆ ಹೊಲಿಗೆ ದಾರ ಒತ್ತೊತ್ತಾಗಿ ಸುತ್ತಿ ಬಣ್ಣ ಬಳಿದೆ, ಥೇಟ್ ಹಾಗೇ ಕಾಣುತ್ತದೆ. ಎಂಜಿನ್ನಿನ ಎರಡು ಪಕ್ಕ ಎತ್ತರದಲ್ಲಿ ಪೆಟ್ರೋಲ್ ಟ್ಯಾಂಕು, ಇಂಧನ ತಾನಾಗೇ ಕೆಳಗಿಳಿಯಲಿ ಅಂತ. ಸೀಟು, ನೆಲಕ್ಕೆ ಊರುವ ಸ್ಕಿಡ್ ಕಾಲುಗಳು, ಬಣ್ಣ ಇವೆಲ್ಲ ಎರಡು ವಾರದಲ್ಲಿ ಮುಗಿದವು.

ನನಗೆ ಪಾಠ ಕಲಿಸಿದ್ದು ರೋಟರ್. ಆ ಕಾಲದ ಬೆಲ್ 47ರ ರೆಕ್ಕೆಗಳು ಮರದವು, ಪದರ ಪದರ ಅಂಟಿಸಿದವು. ಹಾಗಾಗಿ ನಾನೂ ತೇಗದ ಪಟ್ಟಿಯಲ್ಲೇ ಕೆತ್ತಿದೆ. ಮುಂದಿನ ಅಂಚು ದುಂಡಗೆ, ಹಿಂದಿನದು ತೆಳ್ಳಗೆ. ಎರಡು ರೆಕ್ಕೆ ಸೇರಿ ತಕ್ಕಡಿಯ ದಂಡದ ಹಾಗೆ ಒಂದು ಪಿನ್ನಿನ ಮೇಲೆ ತೂಗುತ್ತವೆ, ಒಂದು ಮೇಲೆದ್ದರೆ ಇನ್ನೊಂದು ಇಳಿಯುತ್ತದೆ. ಅವಕ್ಕೆ ಅಡ್ಡಲಾಗಿ ತುದಿಗಳಲ್ಲಿ ಭಾರವಿರುವ ಒಂದು ಸರಳು. ಅದು ಬುಗುರಿಯ ಹಾಗೆ ತನ್ನ ಸಮತಲ ಬಿಟ್ಟುಕೊಡದೆ ತಿರುಗುತ್ತಾ, ರೆಕ್ಕೆಗಳ ಓರೆಯನ್ನು ಸರಿಪಡಿಸುತ್ತಿರುತ್ತದೆ. ಯಂಗ್ ಅವರ ದೊಡ್ಡ ಕೊಡುಗೆ ಇದೇ. ರೋಟರ್ ಹೊತ್ತ ಕಂಬ ಸಲೀಸಾಗಿ ತಿರುಗಲಿ ಅಂತ ಹಿತ್ತಾಳೆ ಕೊಳವೆಯಲ್ಲಿ ಕೂರಿಸಿ, ಅಡಿಗೆ ಸೈಕಲ್ ಬೇರಿಂಗಿನ ಒಂದು ಗುಂಡು, ಒಂದು ಹನಿ ಹೊಲಿಗೆ ಮೆಷಿನ್ ಎಣ್ಣೆ ಹಾಕಿದೆ.

ಎಲ್ಲ ಜೋಡಿಸಿ ಫ್ಯಾನಿನ ಕೆಳಗೆ ಇಟ್ಟೆ. ತಿರುಗಲಿಲ್ಲ. ಸುಮ್ನೆ ನಡುಗಿತು. ಎಣ್ಣೆ ಹಾಕಿದೆ, ಕಂಬ ಬಿಚ್ಚಿ ಉಜ್ಜಿದೆ, ಏನೂ ಆಗಲಿಲ್ಲ. ರಾತ್ರಿ ಮತ್ತೆ ಮೇಜಿನ ಮೇಲಿಟ್ಟು ನೋಡುತ್ತಾ ಕೂತಾಗ ಗೊತ್ತಾಯಿತು. ಕೆತ್ತುವಾಗ ಪಟ್ಟಿಗಳನ್ನು ಎಡಕ್ಕೊಂದು ಬಲಕ್ಕೊಂದು ಇಟ್ಟುಕೊಂಡು, ಎರಡರ ದುಂಡಗಿನ ಅಂಚನ್ನೂ ಎದುರಿನ ಗೋಡೆ ಕಡೆಗೇ ಮಾಡಿದ್ದೆ. ನೋಡಲು ಚೆಂದ, ಕನ್ನಡಿಯಲ್ಲಿ ಕಂಡ ಹಾಗೆ ಜೋಡಿ. ಆದರೆ ಮೇಲಿಂದ ನೋಡಿದರೆ ಇದರ ರೋಟರ್ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗುತ್ತದೆ. ಬಲಗಡೆ ರೆಕ್ಕೆ ಗೋಡೆ ಕಡೆ ಹೊರಟಾಗ ಎಡಗಡೆಯದು ನನ್ನ ಕಡೆ ಬರಬೇಕು, ಅಲ್ವಾ? ಅದರ ದುಂಡಗಿನ ಅಂಚು ನನ್ನ ಕಡೆಗೇ ಇರಬೇಕಿತ್ತು. ನನ್ನವು ಎರಡೂ ಗೋಡೆಯನ್ನೇ ತಳ್ಳುತ್ತಿದ್ದವು.

ಎಡಗಡೆ ರೆಕ್ಕೆ ಹೊಸದಾಗಿ ಕೆತ್ತಿದೆ. ಪಿನ್ನಿನ ಮೇಲೆ ತೂಗಿ, ಭಾರದ ಕಡೆ ಚೂರು ಚೂರೇ ಉಜ್ಜಿ ಸಮ ಮಾಡಲು ಮೂರು ಸಂಜೆ ಹಿಡಿಯಿತು.

ಪಾಡ್ಯದ ದಿನ ಅಮ್ಮ ಜಾಗ ತೋರಿಸಿದರು, ರಾಗಿ ಪೈರಿನ ಪಕ್ಕ ಸ್ವಲ್ಪ ಬಯಲು. ಇಟ್ಟು, ಫ್ಯಾನ್ ಒಂದನೇ ನಂಬರಿಗೆ ಹಾಕಿದೆ. ಸರಳು ಒಮ್ಮೆ ತೂಗಿತು, ಆಮೇಲೆ ರೆಕ್ಕೆಗಳು ಎಡಕ್ಕೆ ಹೊರಳಿ ಮೆಲ್ಲಗೆ ಸುತ್ತತೊಡಗಿದವು. ಅಮ್ಮ ಅರಿಶಿನ ಕುಂಕುಮದ ತಟ್ಟೆ ಹಿಡಿದುಕೊಂಡೇ ನಿಂತು ನೋಡಿದರು. ದೀಪ ಹಚ್ಚುವ ಹೊತ್ತಾಯಿತು, ಫ್ಯಾನ್ ಆರಿಸಿದೆ. ಅದು ಇನ್ನೂ ನಾಲ್ಕೈದು ಸುತ್ತು ತಿರುಗಿ ನಿಂತಿತು.